ಕಡಲು ತಿಂದ ಹದಿನಾಲ್ಕು ಕೋಲು

ತಪ್ಪು ನನ್ನ ಕಣ್ಣಿಗೆ ಬಿದ್ದದ್ದು ಹುಲ್ಲು ಕೊಯ್ಲಿನ ನಾಲ್ಕನೆಯ ದಿನ ಮಧ್ಯಾಹ್ನ, ಬೆನ್ನ ಮೇಲೆ ಹೊರೆ ಹೊತ್ತು ನಮ್ಮ ಮನೆಯಿರುವ ದಿಬ್ಬ ಹತ್ತುವಾಗ. ಉಸಿರು ಸಾಲದೆ ಅರ್ಧದಲ್ಲಿ ನಿಂತು ತಿರುಗಿ ನೋಡಿದೆ. ಕೆಳಗೆ ಹುಲ್ಲುಗಾವಲು ಪೂರ್ತಿ ಕಾಣುತ್ತಿತ್ತು. ಏಳು ಮನೆಗಳಿಗೆ ಏಳು ಪಟ್ಟಿ. ಆರು ಪಟ್ಟಿಗಳದು ಒಂದೇ ಅಗಲ. ಕಡಲಂಚಿನ ಏಳನೆಯದು ಅವುಗಳ ಅರ್ಧಕ್ಕಿಂತ ಚೂರು ಹೆಚ್ಚು, ಅಷ್ಟೆ. ಈ ವರ್ಷದ ಚೀಟಿಯಲ್ಲಿ ಅದು ಗೊಂಡೆಲಕ್ಕನಿಗೆ ಬಂದಿತ್ತು.

ಅಳೆದವನು ನಾನು.

ನಮ್ಮ ದ್ವೀಪಕ್ಕೆ ಒಡ್ಡು ಇಲ್ಲ. ಸರ್ಕಾರ ಕಲ್ಲು ತಂದು ಅಂಚು ಕಟ್ಟಿಸುತ್ತದೆ ಎಂದು ನನ್ನ ತಂದೆಯ ಕಾಲದಿಂದ ಕೇಳುತ್ತಿದ್ದೇವೆ. ಅಲ್ಲಿಯವರೆಗೆ ಪ್ರತಿ ಚಳಿಗಾಲವೂ ಕಡಲು ಪಶ್ಚಿಮದ ಅಂಚನ್ನು ಒಂದಿಷ್ಟು ಕಚ್ಚಿಕೊಂಡು ಹೋಗುತ್ತದೆ. ಅದಕ್ಕೇ ಇಲ್ಲಿ ಹುಲ್ಲುಗಾವಲು ಯಾರೊಬ್ಬರದೂ ಅಲ್ಲ. ಒಬ್ಬೊಬ್ಬರದಾಗಿದ್ದರೆ ಅಂಚಿನ ಮನೆಯವರು ಇಪ್ಪತ್ತು ವರ್ಷದಲ್ಲಿ ತಿರುಪೆ ಎತ್ತಬೇಕಾಗುತ್ತಿತ್ತು. ಪ್ರತಿ ಏಪ್ರಿಲ್‌ನಲ್ಲಿ ಉಳಿದಿರುವುದನ್ನು ಕೋಲು ಹಿಡಿದು ಅಳೆದು, ಜೂನ್‌ನಲ್ಲಿ ಏಳು ಪಾಲು ಮಾಡಿ ಚೀಟಿ ಎತ್ತುತ್ತೇವೆ. ಕಡಲು ತಿಂದದ್ದು ಎಲ್ಲರ ಲೆಕ್ಕದಲ್ಲೂ ಸಮನಾಗಿ ಕಳೆಯಬೇಕು.

ಹೋದ ವರ್ಷ ಇನ್ನೂರ ಹತ್ತು ಕೋಲು ಇತ್ತು, ಪಾಲಿಗೆ ಮೂವತ್ತು. ಈ ವರ್ಷ ಏಪ್ರಿಲ್‌ನಲ್ಲಿ ನಾನೇ ಅಂಚಿನವರೆಗೆ ನಡೆದು ಅಳೆದಿದ್ದೆ. ನೂರ ತೊಂಬತ್ತಾರು. ಪುಸ್ತಕದಲ್ಲಿ ಬರೆದೂ ಇದ್ದೆ. ಪಾಲಿಗೆ ಇಪ್ಪತ್ತೆಂಟು ಆಗಬೇಕಿತ್ತು. ಆದರೆ ಪಾಲು ಮಾಡುವ ದಿನ ತಲೆಯಲ್ಲಿ ಇದ್ದದ್ದು ಹಳೆಯ ಮೂವತ್ತು. ಪೂರ್ವದ ಕಡೆಯಿಂದ ಮೂವತ್ತು, ಮೂವತ್ತು ಎಂದು ಆರು ಸಲ ಗೂಟ ಹೊಡೆದುಕೊಂಡು ಬಂದೆ. ಏಳನೆಯದನ್ನು ನಮ್ಮಲ್ಲಿ ಯಾರೂ ಅಳೆಯುವುದಿಲ್ಲ, ಉಳಿದದ್ದೇ ಅದು. ಉಳಿದದ್ದು ಹದಿನಾರು.

ಮೂರನೆಯ ಪಟ್ಟಿ ನನ್ನದು. ಅಂದರೆ ನನಗೂ ಎರಡು ಕೋಲು ಹೆಚ್ಚು ಬಂದಿತ್ತು. ಬೇಕೆಂದೇ ಮಾಡಿದೆನೇ ಎಂದು ದಿಬ್ಬದ ಮೇಲೆ ನಿಂತೇ ನನ್ನನ್ನು ಕೇಳಿಕೊಂಡೆ. ಇಲ್ಲ ಅನಿಸಿತು. ಅನಿಸಿತು ಎಂದಷ್ಟೇ ಹೇಳಬಲ್ಲೆ.

ಮನೆಯಲ್ಲಿ ನನ್ನ ಹೆಂಡತಿ ಟಾಟ್ಯೆ ಬೆರಣಿ ಒಲೆ ಊದುತ್ತಿದ್ದಳು. ಹೇಳಿದೆ. ಅವಳು ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಕೇಳಿಸಿಕೊಂಡಳು.

"ಗಾಳಿ ಪಶ್ಚಿಮಕ್ಕೆ ತಿರುಗಿದೆ. ಎಲ್ಲರ ಹುಲ್ಲೂ ಇನ್ನೂ ಬಯಲಲ್ಲಿದೆ. ಒಳಗೆ ಬಂದ್ಮೇಲೆ ಹೇಳಿದ್ರಾಯ್ತು."

"ಒಳಗೆ ಬಂದ್ಮೇಲೆ ಹಳೇ ಹುಲ್ಲಿನ ಜೊತೆ ಸೇರಿಹೋಗತ್ತೆ. ಆಮೇಲೆ ಯಾರು ಹೊರಗೆ ತೆಗೀತಾರೆ?"

"ಹಾಗಾದ್ರೆ ಹೋಗು. ಬೈಸ್ಕೊಂಡು ಬಾ." ಒಂದು ಲೋಟ ಚಹಾ ಮುಂದಿಟ್ಟಳು. ಕಲ್ಲುಸಕ್ಕರೆ ಕರಗುವವರೆಗೂ ಕೂರಲಾಗಲಿಲ್ಲ.

ಗೊಂಡೆಲಕ್ಕ ತನ್ನ ಪಟ್ಟಿಯಲ್ಲಿ ಒಬ್ಬಳೇ ಹುಲ್ಲು ಗೋರುತ್ತಿದ್ದಳು. ಗಂಡ ತೀರಿಹೋಗಿ ಒಂಬತ್ತು ವರ್ಷ. ಎರಡು ಹಸುಗಳ ಬೆಣ್ಣೆಯಲ್ಲಿ ಅವಳ ಬದುಕು. ಅವುಗಳಲ್ಲಿ ಚುಕ್ಕೆಯನ್ನು ಶನಿವಾರದ ದೋಣಿಯಲ್ಲಿ ಆಚೆ ದಡದ ಹುಸುಮ್ ಪೇಟೆಯ ಕಟುಕನಿಗೆ ಕಳಿಸುತ್ತಾಳೆ ಎಂಬ ಮಾತು ನಿನ್ನೆಯಷ್ಟೇ ಕಿವಿಗೆ ಬಿದ್ದಿತ್ತು. ಕಾರಣ ಏನೆಂದು ನಾನು ಕೇಳಿರಲಿಲ್ಲ. ಅದೂ ನನ್ನದೇ ತಪ್ಪು.

"ಗೊಂಡೆಲಕ್ಕ, ನಿನ್ನ ಪಟ್ಟಿ ಕಿರಿದಾಗಿದೆ."

"ಕಣ್ಣು ನಂಗೂ ಇದೆ ಕಣೋ ಇಂಗ್ವರ್."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ಕಡಲು ತಿಂದಿದೆ ಅಂದ್ಕೊಂಡೆ. ಕಡಲಿನ ಹತ್ರ ಜಗಳ ಆಡೋ ವಯಸ್ಸಾ ನಂದು?"

"ಕಡಲಲ್ಲ ಅಕ್ಕ, ನಾನು. ಅಳತೆ ತಪ್ಪಿದೆ. ಹನ್ನೆರಡು ಕೋಲು ನಿಂಗೆ ಬರ್ಬೇಕು."

ಗೋರೆಯ ಮೇಲೆ ಗದ್ದ ಊರಿ ನನ್ನನ್ನೇ ನೋಡಿದಳು. "ನೀನಾ? ಹಾಗಾದ್ರೆ ಜಗಳ ಆಡಬಹುದು." ಆದರೆ ಆಡಲಿಲ್ಲ. ಮತ್ತೆ ಗೋರತೊಡಗಿದಳು. "ಶನಿವಾರಕ್ಕೆ ಮುಂಚೆ ಹೇಳಿದ್ಯಲ್ಲ, ಹೋಗ್ಲಿ. ಕೇಟೆಲ್‌ಗೆ ಹೇಳು ನೋಡೋಣ."

ಕೇಟೆಲ್ ಆಚೆ ದಿಬ್ಬದ ಹಿರಿಯ. ಅವನು ಹೂಂ ಎಂದರೆ ಉಳಿದವರು ಎದುರಾಡುವುದಿಲ್ಲ. ಅವನ ಪಟ್ಟಿ ಆರನೆಯದು, ಗೊಂಡೆಲಕ್ಕನದಕ್ಕೆ ತಾಗಿಕೊಂಡದ್ದು. ನಾನು ಹೇಳಿ ಮುಗಿಸುವವರೆಗೆ ಕುಡುಗೋಲು ಮಸೆಯುವುದನ್ನು ನಿಲ್ಲಿಸಲಿಲ್ಲ.

"ಪಾದ್ರಿ ಹತ್ರ ಎಷ್ಟು ಚಳಿಗಾಲ ಸಂಜೆಪಾಠಕ್ಕೆ ಹೋದೆ ನೀನು?"

"ಮೂರು."

"ನಕ್ಷತ್ರ ನೋಡಿ ಹಡಗು ಎಲ್ಲಿದೆ ಅಂತ ಹೇಳ್ತೀಯಂತೆ. ಕಾಲಡಿ ಹುಲ್ಲು ಎಷ್ಟಿದೆ ಅಂತ ಗೊತ್ತಾಗ್ಲಿಲ್ಲ?"

ಅವನು ಆಕಾಶ ನೋಡಿದ. ಪಶ್ಚಿಮದಲ್ಲಿ ಮೋಡ ಒಂದೇ ಗೋಡೆಯಾಗಿತ್ತು.

"ಇವತ್ತು ಉಬ್ಬರ ಜೋರು. ನೀರು ಹುಲ್ಲಿಗೆ ಹತ್ತಿದ್ರೂ ಹತ್ತಬಹುದು. ಈಗ ಹೊರೆ ಹೊತ್ಕೊಂಡು ಗೊಂಡೆಲ್ ಮನೆಗೆ ಹೋದ್ರೆ ನಂದನ್ನ ಯಾರು ಒಳಗೆ ಹಾಕ್ತಾರೆ? ನಿನ್ನ ಪಾದ್ರಿಯಾ?"

"ನಾಳೆ ಕೊಟ್ರೂ…" ಎಂದೆ. ನನ್ನ ದನಿ ನನಗೇ ಹಿಡಿಸಲಿಲ್ಲ.

"ನಾಳೆ ಅಂದ್ರೆ ಯಾವ ನಾಳೆ? ಹುಲ್ಲು ಒಂದ್ಸಲ ನಮ್ಮ ಅಟ್ಟ ಸೇರಿದ್ಮೇಲೆ ಕೊಡೋ ನಾಳೆ ಬರಲ್ಲ." ಚಾದರ ಹಾಸಿ ಹುಲ್ಲು ತುಂಬಿ ನಾಲ್ಕೂ ತುದಿ ಗಂಟು ಹಾಕಿದ. "ಕೋಲಿಗೊಂದು ಹೊರೆ, ಮನೆಗೆರಡು. ಎಲ್ರಿಗೂ ನೀನೇ ಹೋಗಿ ಹೇಳು. ನಾನು ಕೂಗಲ್ಲ. ಎತ್ತು ಇದನ್ನ, ನನ್ನ ಬೆನ್ನಿಗೆ."

ಉಳಿದ ನಾಲ್ಕು ಮನೆ ತಿರುಗಿದೆ. ಒಬ್ಬರು ಬೈದರು, ಒಬ್ಬರು ನಕ್ಕರು, ಒಬ್ಬರು ಕುಡುಗೋಲನ್ನು ನೆಲಕ್ಕೆ ಎಸೆದರು. ಕೊಡುವುದಿಲ್ಲ ಎಂದು ಮಾತ್ರ ಯಾರೂ ಅನ್ನಲಿಲ್ಲ. ಸಂಜೆ ಐದರ ಹೊತ್ತಿಗೆ ಹನ್ನೆರಡು ಹೊರೆ ಗೊಂಡೆಲಕ್ಕನ ಅಟ್ಟದಲ್ಲಿ ಅವಳದೇ ಹದಿನಾರರ ಜೊತೆ ಸೇರಿತು. ಕೊನೆಯ ಹೊರೆ ಇಳಿಸಿ ಬಾಗಿಲಿಗೆ ಬಂದಾಗ ಅಂಚಿನ ಕಡೆಯಿಂದ ನೀರು ಹೊಳೆಯುತ್ತ ಒಳಗೆ ಬರುತ್ತಿತ್ತು. ಬಹಳವಲ್ಲ, ಪಾದ ಮುಳುಗುವಷ್ಟು. ಒಣಗಿಸಿದ ಹುಲ್ಲು ತೇಲಿಹೋಗಲು ಅಷ್ಟು ಸಾಕು.

ಬೆಳಗ್ಗೆ ಬಾಗಿಲು ತೆಗೆದರೆ ಕೇಟೆಲ್ ನಿಂತಿದ್ದ.

"ಏಳು ಹೊರೆ ಹೋಯ್ತು. ನಿನ್ನೆ ಆಚೆ ಈಚೆ ಓಡಾಡದಿದ್ರೆ ಒಳಗೆ ಬರ್ತಿತ್ತು."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನಾನು ಒಳಗಿನಿಂದ ಅಳತೆಕೋಲು ತಂದು ಅವನ ಕೈಗೆ ಕೊಡಹೋದೆ. "ಇನ್ಮೇಲೆ ನೀನೇ ಅಳೆ, ಕೇಟೆಲ್. ನನ್ನ ಕೈಲಾಗಲ್ಲ."

"ನನ್ನ ಮೊಣಕಾಲು ನೋಡಿದೀಯ? ಇದನ್ನಿಟ್ಕೊಂಡು ನಾನು ಅಳೆದ್ರೆ ಕ್ರಿಸ್‌ಮಸ್ ಬರತ್ತೆ. ಕೋಲು ಒಳಗಿಡು. ನಾನು ಬಂದದ್ದು ಹೊರೆ ವಿಷಯಕ್ಕೆ. ಏಳರಲ್ಲಿ ಒಂದು ನಾನು ಬಿಡ್ತೀನಿ, ಉಳಿದವರು ಮನೆಗೊಂದು ಕೊಡ್ಲಿ." ಆಮೇಲೆ ತಗ್ಗಿದ ದನಿಯಲ್ಲಿ, "ಗೊಂಡೆಲ್ ಮನೆ ಬಿಡು. ಅದರದ್ದು ನಾನೇ ನೋಡ್ಕೊತೀನಿ," ಎಂದ.

ಬಿಡುವಂತಿರಲಿಲ್ಲ. ನಾವಿಬ್ಬರೂ ಹೋಗುವಷ್ಟರಲ್ಲಿ ಸುದ್ದಿ ಮುಟ್ಟಿ, ಗೊಂಡೆಲಕ್ಕನ ಬಾಗಿಲ ಮುಂದೆ ಹೊರೆಯೊಂದು ಗಂಟು ಹಾಕಿ ಸಿದ್ಧವಾಗಿತ್ತು. ಅವಳು ಹೊಸಿಲ ಮೇಲೆ ಕೂತು ಗಂಜಿ ಕುಡಿಯುತ್ತಿದ್ದಳು.

"ಇದು ಬೇಡ ಕಣೇ," ಎಂದ ಕೇಟೆಲ್.

"ಯಾಕೆ ಬೇಡ? ಈ ಸಲ ತಿಂದಿದ್ದು ಕಡಲು ತಾನೇ? ಇಂಗ್ವರ್ ಅಲ್ವಲ್ಲ?"

ಕೇಟೆಲ್ ನನ್ನ ಕಡೆ ನೋಡಿದ.

"ಶನಿವಾರದ ದೋಣಿ?" ಎಂದು ಕೇಳಿದೆ.

"ಬರ್ಲಿ, ಹೋಗ್ಲಿ. ಇಪ್ಪತ್ತೇಳು ಹೊರೆಯಲ್ಲೂ ಚುಕ್ಕೆನ ಸಾಕ್ತೀನಿ. ಮಾರ್ಚ್ ಹೊತ್ತಿಗೆ ಒಂಚೂರು ಸೊರಗ್ತಾಳೆ. ನಾನು ಸೊರಗಿಲ್ವಾ?" ಬಟ್ಟಲಿನ ತಳ ಕೆರೆದು ಕುಡಿದಳು. "ಮುಂದಿನ ವರ್ಷ ಏಳನೇದನ್ನೂ ಅಳೆ, ಮಾರಾಯ."

ಕೇಟೆಲ್ ಆ ಹೊರೆ ಹೊತ್ತು ಹೊರಟ. ನಾನು ನನ್ನ ಮನೆಯದನ್ನು ಕೊಡುವ ಮೊದಲು ಕೋಲು ತೆಗೆದುಕೊಂಡು ಅಂಚಿಗೆ ಹೋದೆ. ಯಾರೂ ಹೇಳಿರಲಿಲ್ಲ. ಅಲ್ಲಿ ಮಣ್ಣು ಹೊಸದಾಗಿ ಕುಸಿದು ಕೆಂಪು ಬೇರುಗಳು ಜೋತಾಡುತ್ತಿದ್ದವು. ಪೂರ್ವದ ಗೂಟದಿಂದ ಅಂಚಿನವರೆಗೆ ಎರಡು ಸಲ ಅಳೆದೆ. ನಂಬಿಕೆಯಾಗದೆ ಮತ್ತೊಂದು ಸಲ ಅಳೆದೆ. ಮೂರು ಸಲವೂ ನೂರ ತೊಂಬತ್ತೈದೂವರೆ. ಪುಸ್ತಕದಲ್ಲಿ ಬರೆದೆ. ಮೂವತ್ತು ಎಂದಿದ್ದ ಹೋದ ವರ್ಷದ ಪುಟಕ್ಕೆ ಅಡ್ಡಗೆರೆ ಎಳೆದೆ. ಆಮೇಲೆ ಮನೆಗೆ ಹೋಗಿ, ಟಾಟ್ಯೆ ಗಂಟು ಹಾಕಿಟ್ಟಿದ್ದ ಹೊರೆ ಬೆನ್ನಿಗೇರಿಸಿಕೊಂಡು ಕೇಟೆಲ್‌ನ ದಿಬ್ಬದ ಕಡೆ ನಡೆದೆ.