ಕಟ್ಟೆಗೆ ತಾಗಿದ ಬಸ್ಸು

ಬೀಳಗಿ ತಾಲೂಕಿನ ಕವಳಿಹಾಳದಲ್ಲಿ ಯಾವ ಸಮಾರಂಭವಿರಲಿ, ಗುರುಪಾದ ಮಾತಾಡದೆ ಅದು ಮುಗಿಯುತ್ತಿರಲಿಲ್ಲ. ಅವನು ಮಾತಿಗೆ ನಿಂತರಂತೂ ಮುಗಿಯುವ ಲಕ್ಷಣವೇ ಇರುತ್ತಿರಲಿಲ್ಲ. ಭಾಷಣದ ವಿಷಯ ಒಂದೇ: ನಮ್ಮ ಭಾಗದ ಇತಿಹಾಸ, ಭೂಗೋಳ ಮತ್ತು ಹಿಂದುಳಿಯುವಿಕೆ. ಜಮಖಂಡಿಯ ಸಂಸ್ಥಾನದಿಂದ ಹೊರಟು, ಮುಧೋಳದ ನಾಯಿಯ ಬೆನ್ನು ಹತ್ತಿ, ರಬಕವಿ-ಬನಹಟ್ಟಿಯ ಮಗ್ಗದ ಸದ್ದು ಕೇಳಿಸಿ, ಮಹಾಲಿಂಗಪುರದ ಬೆಲ್ಲ ತಿನ್ನಿಸಿ, ಚಿಕ್ಕಪಡಸಲಗಿಯಲ್ಲಿ ರೈತರೇ ಕೃಷ್ಣೆಗೆ ಬ್ಯಾರೇಜು ಕಟ್ಟಿದ್ದನ್ನು ಕೊಂಡಾಡಿ, ಅವನು ಬೀಳಗಿಗೆ ಬಂದು ಮುಟ್ಟುವ ಹೊತ್ತಿಗೆ ಎಲ್ಲರ ಚಹಾ ಆರಿರುತ್ತಿತ್ತು. ಕೊನೆಗೆ ಒಂದು ಪ್ರಶ್ನೆ: "ನಮ್ಮ ಅಭಿವೃದ್ಧಿಗೆ ಅಡ್ಡ ಆದವರು ಯಾರು?" ಯಾರೂ ಉತ್ತರಿಸುತ್ತಿರಲಿಲ್ಲ. ಉತ್ತರ ಹೇಳಿದರೆ ಇನ್ನೊಂದು ಭಾಷಣ ಕೇಳಬೇಕಾದೀತೆಂಬ ಹೆದರಿಕೆ. ತನ್ನ ಭಾಷಣಕ್ಕೆ ತನಗೇ ತೂಕಡಿಕೆ ಬಂದದ್ದುಂಟು ಎಂದು ಗುರುಪಾದ ತಾಯಿ ಮಾಯವ್ವನ ಮುಂದೆ ಒಪ್ಪಿಕೊಂಡಿದ್ದ.

ಕವಳಿಹಾಳಗಳು ಎರಡು. ಒಂದು ನೀರಿನ ಕೆಳಗಿದೆ, ಇನ್ನೊಂದು ದಿಬ್ಬದ ಮೇಲಿದೆ. ಅಣೆಕಟ್ಟಿನ ಹಿನ್ನೀರಿಗೆ ಹಳೆಯದು ಮುಳುಗಿದಾಗ ಸರ್ಕಾರ ದಿಬ್ಬದ ಮೇಲೆ ನಿವೇಶನ ಹಂಚಿತು. ಹೊಸದನ್ನು ಇವತ್ತಿಗೂ ಯಾರೂ ಊರು ಅನ್ನುವುದಿಲ್ಲ, 'ಪ್ಲಾಟು' ಅನ್ನುತ್ತಾರೆ. ಕುರಿ ಹೊಡೆದುಕೊಂಡು ನೀರಿನ ದಂಡೆಗೆ ಹೋಗಿ ಬಂದವನು ಮಾತ್ರ 'ಊರಿಗೆ ಹೋಗಿದ್ದೆ' ಅನ್ನುತ್ತಾನೆ. ಮುಳುಗುವ ಮೊದಲು ಜನ ತಮ್ಮ ಮನೆಗಳನ್ನು ತಾವೇ ಕೆಡವಿ, ಮನೆಮುಂದಿನ ಕಟ್ಟೆಯ ಕಲ್ಲುಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದಿದ್ದರು. ಪ್ಲಾಟಿನಲ್ಲಿ ಮನೆ ಎದ್ದ ಮೇಲೆ ಕಟ್ಟೆಗೆ ಜಾಗ ಉಳಿದದ್ದು ರಸ್ತೆಯಲ್ಲಿ. ಹಾಗಾಗಿ ಎಲ್ಲರ ಕಟ್ಟೆಗಳೂ ರಸ್ತೆಗೆ ಇಳಿದವು. ಎಲ್ಲಕ್ಕಿಂತ ದೊಡ್ಡದು ಗುರುಪಾದನದು, ಅದೂ ತಿರುವಿನಲ್ಲಿ. ಅವನ ಅಪ್ಪ ಗಿರಮಲ್ಲಪ್ಪ ಆ ಕಲ್ಲುಗಳ ಮೇಲೆ ಕೂತು ಉಣ್ಣೆ ನೂಲುತ್ತ ಮುದುಕನಾದವನು, ಅಲ್ಲೇ ಕೂತಲ್ಲೇ ಜೀವ ಬಿಟ್ಟವನು. ಆ ಕಟ್ಟೆಯ ಬಗ್ಗೆ ಯಾರಾದರೂ ತಕರಾರು ತೆಗೆದರೆ ಗುರುಪಾದನ ಮುಖ ಕೆಂಪಾಗುತ್ತಿತ್ತು.

ಈ ಬೇಸಿಗೆಯಲ್ಲಿ ಅವನ ಮಗಳು ರಂಜನಾ ಹತ್ತನೇ ಇಯತ್ತೆಯನ್ನು ಒಳ್ಳೇ ನಂಬರಿನಲ್ಲಿ ಪಾಸು ಮಾಡಿದಳು. ಮುಂದಿನ ಕಾಲೇಜು ಇದ್ದದ್ದು ಬೀಳಗಿಯಲ್ಲಿ. ಅಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: "ಬಸ್ ಮನಿ ಮುಂದ ಬಂದ್ರ ಕಾಲೇಜು. ಅನಗವಾಡಿ ಕ್ರಾಸ್‌ತನಕ ನಡಕೊಂತ ಹೋಗಿ, ಆ ಲಾರಿಗೋಳ ನಡುವ ನಿಂದ್ರೂದು ನನಗ ಸರಿ ಬರೂದಿಲ್ಲ." ಮಗಳ ಮೇಲೆ ಅವನಿಗೆ ಜೀವ. ಲಾರಿಗಳ ಹೆದರಿಕೆಯೂ ಖರೆ, ಮಂದಿಯ ಬಾಯಿಯ ಹೆದರಿಕೆಯೂ ಖರೆ. ಯಾವುದು ಹೆಚ್ಚೆಂದು ಅವನಿಗೇ ಗೊತ್ತಿರಲಿಲ್ಲ. ಹೋದ ವರ್ಷ ಪಕ್ಕದ ಮನೆಯ ಹುಲೆಪ್ಪನೂ ಬಸ್ಸಿಲ್ಲವೆಂದು ಮಗಳು ಭಾಗ್ಯಾಳ ಓದು ಬಿಡಿಸಿ ಮದುವೆ ಮಾಡಿ ಕಳಿಸಿದ್ದ. ರಂಜನಾಗೆ ಅದು ಚೆನ್ನಾಗಿ ನೆನಪಿತ್ತು.

ಕಾಲೇಜಿನ ಪ್ರವೇಶ ಮುಗಿಯುವ ವಾರದಲ್ಲೇ ಡಿಪೋದಿಂದ ಸುದ್ದಿ ಬಂತು. ಒಬ್ಬ ಸಾಹೇಬರು ಬಸ್ಸು ತಂದು ನೋಡುತ್ತಾರೆ. ಅದು ಒಳಗೆ ಬಂದು ತಿರುಗಿ ಹೋಗುವಂತಿದ್ದರೆ ದಿನಾ ಬಸ್ಸು, ಇಲ್ಲದಿದ್ದರೆ ಇಲ್ಲ. ಗುರುಪಾದ ಇಸ್ತ್ರಿ ಮಾಡಿದ ಧೋತರ ಉಟ್ಟು, ರುಮಾಲು ಸುತ್ತಿ, ಹಾರ ಹಿಡಿದು ನಿಂತ. ಹಾಲಸಿದ್ದಪ್ಪ ಡೊಳ್ಳು ಕಟ್ಟಿಕೊಂಡ. ರಂಜನಾ ಬೆಳಿಗ್ಗೆಯೇ ಹೊಸ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಮೊಬೈಲು ಬಡಿದುಕೊಂಡಿತು. "ಕ್ರಾಸ್ ದಾಟಿ ಬಂದೀವ್ರಿ. ಇಲ್ಲಿ ಎರಡು ಹಾದಿ ಅದಾವು. ಯಾವ ಕಡಿ ಬರಬೇಕು?" ಎಂದರು ಸಾಹೇಬರು.

"ಎಡಕ್ಕ ಇಳೀರಿ ಸಾಹೇಬ್ರ. ಹಳೇ ಡಾಂಬರು ಹಿಡದು ಸೀದಾ ಬರ್ರಿ. ಹುಣಸಿಗಿಡ ಬರ್ತೈತಿ, ಅದನ್ನ ದಾಟಿದ್ರ ಅಗಸಿ. ಅಗಸಿ ಮುಂದ ನಾವೆಲ್ಲಾ ನಿಂತಿರ್ತೀವಿ."

ಅಗಸಿ ಎಂದರೆ ಊರಬಾಗಿಲು. ಅದು ನೀರಿನೊಳಗೆ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಸುತ್ತ ನಿಂತ ಅಷ್ಟೂ ಮಂದಿ ಈ ಮಾತು ಕೇಳಿದರು, ಒಬ್ಬನೂ ತಿದ್ದಲಿಲ್ಲ. "ಹೌದು, ಅಗಸೀಗೇ ಬರಲಿ, ಅದ ಛಲೋ ಹಾದಿ" ಎಂದು ಹುಲೆಪ್ಪ ತಲೆಯಾಡಿಸಿದ. ಎಲ್ಲರೂ ದಿಬ್ಬದ ಮೇಲೆ ನಿಂತು, ಮನಸ್ಸಿನಲ್ಲಿ ಎಲ್ಲರೂ ಅಗಸಿಯ ಮುಂದೆ ನಿಂತಿದ್ದರು.

ಬಹಳ ಹೊತ್ತಾದರೂ ಬಸ್ಸಿಲ್ಲ. ಹಾಲಸಿದ್ದಪ್ಪನ ಕೈ ಸೋತು ಡೊಳ್ಳು ನಿಂತಿತು. ಮತ್ತೆ ಫೋನು.

"ಎಲ್ಲೈತ್ರಿ ನಿಮ್ಮ ಅಗಸಿ? ಹಾದಿ ನೀರಾಗ ಹೊಂಟೈತಿ! ಬಸ್ಸಿನ ಮುಂದಿನ ಗಾಲಿ ತೊಯ್ದಾವು!"

ಗುರುಪಾದ ಹಾರವನ್ನು ಹುಲೆಪ್ಪನ ಕೈಗೆ ಕೊಟ್ಟು ತಲೆ ಹಿಡಿದುಕೊಂಡ. ಜನ ಮೊದಲು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಜಿಲ್ಲೆಯ ಭೂಗೋಳವನ್ನೆಲ್ಲ ಬಾಯಿಪಾಠ ಮಾಡಿದವನಿಗೆ ತನ್ನ ಮನೆ ಎಲ್ಲಿದೆಯೆಂದು ಹೇಳಲು ಬರಲಿಲ್ಲ. ಅವನಿಗೂ ನಗು ಬಂತು, ಆದರೆ ಬಾಗಿಲಲ್ಲಿ ನಿಂತ ಮಗಳು ನಗದೇ ಇದ್ದದ್ದನ್ನು ಕಂಡು ಅದು ಅರ್ಧಕ್ಕೇ ನಿಂತಿತು.

ಅಂತೂ ಬಸ್ಸು ಹಿಂದೆ ಸರಿದು ದಿಬ್ಬ ಹತ್ತಿ ಬಂತು. ಡೊಳ್ಳಿಗೆ ಪೆಟ್ಟು ಬಿತ್ತು, ಸಾಹೇಬರ ಕೊರಳಿಗೆ ಹಾರ ಬಿತ್ತು. ಬಸ್ಸು ಒಂದೊಂದೇ ಕಟ್ಟೆಯನ್ನು ಸವರಿಕೊಂಡು ಮುಂದೆ ಬಂದು ತಿರುವಿನಲ್ಲಿ ಕರ್ರ್ ಎಂದು ಗುರುಪಾದನ ಕಟ್ಟೆಗೆ ತಾಗಿ ನಿಂತುಬಿಟ್ಟಿತು. ಕಟ್ಟೆಯ ಮೇಲೆ ಕೂತಿದ್ದ ಮಾಯವ್ವ ಅಲುಗಾಡಲಿಲ್ಲ. ಡ್ರೈವರ್ ಹಿಂದೆ ಮುಂದೆ ಮಾಡಿ ನೋಡಿ, ಬೆವರು ಒರೆಸಿಕೊಂಡು ಇಳಿದ.

"ಇಲ್ಲಿ ಬಸ್ ತಿರುಗೂದಿಲ್ರಿ. ತಿರುಗೂದಾದ್ರ ಆ ನೀರಿನ ದಂಡ್ಯಾಗ ತಿರುಗಬೇಕು, ಅಲ್ಲಿ ಜಾಗಾ ಭಾಳ ಐತಿ" ಎಂದರು ಸಾಹೇಬರು. ಮತ್ತೆ ನಗು ಎದ್ದಿತು. ಸಾಹೇಬರು ನಗಲಿಲ್ಲ. "ತಪ್ಪು ತಿಳ್ಕೋಬ್ಯಾಡ್ರಿ. ಹಾದಿಗೆ ಕಟ್ಟಿ ಅಡ್ಡ ಅದಾವು, ಆಗೂದಿಲ್ಲಂತ ನಾ ಡಿಪೋದಾಗ ಹೇಳಬೇಕಾಗ್ತೈತಿ."

ಗುರುಪಾದ ಅಭ್ಯಾಸಬಲದಿಂದ ಬಾಯಿ ತೆರೆದ. ಭಾಷಣ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅದರ ಕೊನೆಯ ಪ್ರಶ್ನೆ ನೆನಪಾಗಿ ಬಾಯಿ ಮುಚ್ಚಿಕೊಂಡ. ಇಷ್ಟು ವರ್ಷ ಮಂದಿಗೆ ಕೇಳಿದ ಪ್ರಶ್ನೆಗೆ ಉತ್ತರ ಅವನ ಮನೆಯ ಮುಂದೆಯೇ ಬಿದ್ದುಕೊಂಡಿತ್ತು, ಅದೂ ಸಿಮೆಂಟು ಹಾಕಿಸಿಕೊಂಡು.

ರಂಜನಾ ಒಳಗೆ ಹೋದಳು. ಬ್ಯಾಗನ್ನು ಗೂಟಕ್ಕೆ ತೂಗುಹಾಕಿದ ಸದ್ದು ಹೊರಗೆ ಕೇಳಿಸಿತು. ಗುರುಪಾದ ಕಟ್ಟೆಯ ಮೇಲೆ ಕೈ ಇಟ್ಟ.

"ನಮ್ಮಪ್ಪನ ಕಲ್ಲದಾವ್ರಿ ಸಾಹೇಬ್ರ" ಎಂದ. ದನಿ ಅವನಿಗೇ ಕೇಳಿಸುವಂತಿರಲಿಲ್ಲ.

ಆಗ ಮಾಯವ್ವ ಕೋಲೂರಿ ಎದ್ದಳು. "ಲೇ ಗುರುಪಾದ, ಹೊಳಿ ಬರ್ತೈತಿ ಅಂದಾಗ ಇದ್ದ ಮನೀನ ಕಿತ್ತೀವಿ. ಮೊದಲನೇ ಕಲ್ಲಿಗೆ ಹಾರಿ ಹಾಕಿದಾವ ನಿಮ್ಮಪ್ಪ. ನೀರಿಗೆ ಜಾಗಾ ಬಿಟ್ಟಾವ್ರು ನಾವು, ಕೂಸಿಗೆ ಬಿಡಾಕ ಬರೂದಿಲ್ಲೇನು?"

ಗುರುಪಾದ ರುಮಾಲು ಬಿಚ್ಚಿ ತಾಯಿಯ ಕೈಗೆ ಕೊಟ್ಟು, ಧೋತರ ಮೇಲೆ ಕಟ್ಟಿ, ಒಳಗಿನಿಂದ ಕಬ್ಬಿಣದ ಹಾರೆ ತಂದ. ಮೊದಲ ಕಲ್ಲು ಏನು ಮಾಡಿದರೂ ಏಳಲಿಲ್ಲ. ಬದುಕಿನಲ್ಲಿ ತಾನು ಗಟ್ಟಿಯಾಗಿ ಮಾಡಿದ ಕೆಲಸ ಈ ಕಟ್ಟೆಯೊಂದೇ, ಅದನ್ನೂ ತಾನೇ ಕೀಳಬೇಕಾಯಿತಲ್ಲ ಎಂದು ಅವನಿಗೆ ಅಳುವೂ ಬಂತು, ನಗುವೂ ಬಂತು. ಕಲ್ಲು ಅಲುಗಿದಾಗ ಕಣ್ಣು ಒರೆಸಿಕೊಂಡ. ಬೆವರು ಅಂದುಕೊಳ್ಳಲಿ ಎಂದು ಹಣೆಯನ್ನೂ ಒರೆಸಿಕೊಂಡ. ಹುಲೆಪ್ಪ ಬಂದು ಒಂದು ಕೈ ಹಚ್ಚಿದ. ಆಮೇಲೆ ತನ್ನ ಮನೆಯ ಮುಂದೆ ಹೋಗಿ, ತನ್ನ ಕಟ್ಟೆಗೆ ಹಾರೆ ಹಾಕಿದ. ಅವನ ಮನೆಯಲ್ಲಿ ಈಗ ಕಾಲೇಜಿಗೆ ಹೋಗುವವರು ಯಾರೂ ಇರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಬಸ್ಸು ಒಮ್ಮೆ ಹಿಂದೆ, ಒಮ್ಮೆ ಮುಂದೆ ಮಾಡಿ ತಿರುಗಿತು. ಸಾಹೇಬರು ಕಿಟಕಿಯಿಂದ ಕೈಯೆತ್ತಿ, "ಸೋಮವಾರ ಮುಂಜಾನೆ ಬರ್ತೈತ್ರಿ. ಅಗಸಿ ಹಾದಿ ಮಾತ್ರ ಯಾರಿಗೂ ಹೇಳಬ್ಯಾಡ್ರಿ" ಎಂದರು.

ಈಗ ಗುರುಪಾದನ ಮನೆಯ ಮುಂದೆ ಒಂದೇ ಒಂದು ಕಲ್ಲು ಉಳಿದಿದೆ, ಹೊಸ್ತಿಲಿಗೆ ಒತ್ತಿಕೊಂಡು. ದಿನಾ ಬೆಳಿಗ್ಗೆ ಅದರ ಮೇಲೆ ಮುದುರಿಕೊಂಡು ಕೂತು ಚಹಾ ಹಿಡಿದಿರುತ್ತಾನೆ. ರಂಜನಾ ಹತ್ತಿದ ಬಸ್ಸು ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ ತಿರುಗುತ್ತದೆ. ಅವನು ಕೈ ಎತ್ತುತ್ತಾನೆ. ಗೆಳತಿಯರ ಮುಂದೆ ನಾಚಿಕೆಯಾಗಿ ಮಗಳು ಬೇರೆ ಕಡೆ ನೋಡುತ್ತಾಳೆ. ಬಸ್ಸು ಹೋದ ಮೇಲೆ ಚಹಾದ ತುಂಬ ಧೂಳು. ಅವನು ಅದನ್ನು ಚೆಲ್ಲುವುದಿಲ್ಲ, ಪೂರಾ ಕುಡಿದೇ ಏಳುತ್ತಾನೆ.