ಕಪಾಟಿನ ಮೇಲಿನ ಮೇಣದ ಮುಷ್ಟಿ

ನಾನು ಮೇಣ. ದೀಪವಾಗಿ ಉರಿದು ಕಣ್ಣೀರು ಸುರಿಸುವ ಜಾತಿಯಲ್ಲ, ನೋಯುವ ಕೀಲುಗಳಿಗೆ ಶಾಖ ಕೊಡುವ ಜಾತಿ. ಕಾರ್ಖಾನೆಯಲ್ಲಿ ಹುಟ್ಟಿ, ಬಿಳಿ ಹಲಗೆಯಾಗಿ, ರಟ್ಟಿನ ಪೆಟ್ಟಿಗೆಯಲ್ಲಿ ಕೂತು ಗದಗಿಗೆ ಬಂದೆ. ಅಲ್ಲಿ ನಸೀಮಾ ಎಂಬ ಫಿಜಿಯೋಥೆರಪಿ ಡಾಕ್ಟರ್ ನನ್ನನ್ನು ಸ್ಟೀಲ್ ತೊಟ್ಟಿಗೆ ಹಾಕಿ ಸ್ವಿಚ್ ಒತ್ತಿದರು. ಅಯ್ಯೋ, ಕರಗಿ ನೀರಾದೆ! ನನ್ನ ಕಥೆ ಮುಗಿಯಿತು ಅಂದುಕೊಂಡೆ. ಶುರುವಾದದ್ದೇ ಆಗ.

ಸಂಧಿವಾತದವರು ಬಿಸಿಯಾದ ನನ್ನೊಳಗೆ ಏಳೆಂಟು ಸಲ ಕೈ ಅದ್ದಿ ತೆಗೆಯುತ್ತಾರೆ. ನಾನು ಪದರ ಪದರವಾಗಿ ಕೂತು ಕೈಗವಸಾಗುತ್ತೇನೆ. ಕಾಲು ಗಂಟೆಯ ನಂತರ ನನ್ನನ್ನು ಸುಲಿದು ಮತ್ತೆ ತೊಟ್ಟಿಗೆ ಹಾಕುತ್ತಾರೆ. ಆಮೇಲೆ ನಸೀಮಾ ಡಾಕ್ಟರ್ ಸಡಿಲಾದ ಬೆರಳುಗಳನ್ನು ಒಂದೊಂದಾಗಿ ಹಿಡಿದು ಮೆಲ್ಲಗೆ ಎಳೆಯುತ್ತಾರೆ, ಮಡಿಸುತ್ತಾರೆ, ಬಿಡಿಸುತ್ತಾರೆ. ಎಂಥ ಕೈಗುಣ ಅಂತೀರಿ! ಕಣ್ಣು ರೋಗಿಯ ಮುಖದ ಮೇಲೆ, ಕೈ ಕೀಲಿನ ಮೇಲೆ. ಹುಬ್ಬು ಗಂಟಾಗುವ ಮೊದಲೇ ಕೈ ನಿಲ್ಲುತ್ತಿತ್ತು.

ಖಾನಾವಳಿ ನಡೆಸುವ ನೀಲಗಂಗವ್ವ ಬಂದಾಗ ಅವರ ಬಲಗೈ ಅರ್ಧ ಮುಷ್ಟಿಯಾಗಿ ಬಿಗಿದುಕೊಂಡಿತ್ತು. ಇಪ್ಪತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ ಅದು. ಅಂಗೈ ಅಗಲವಾಗದೆ ಬಡಿಯುವುದು ಹೇಗೆ? ಅವರ ಒಲೆಯ ಮುಂದೆ ಈಗ ಬೇರೆಯವರು ಕೂರುತ್ತಿದ್ದರು.

"ಒಂದರೆ ರೊಟ್ಟಿ ಬಡಿಯಾಕ ಆಗ್ತೈತೇನ್ರಿ ಅಕ್ಕಾರ? ಅಷ್ಟ ಹೇಳ್ರಿ ನನಗ."

"ಬ್ಯಾನಿ ಪೂರಾ ಹೋಗೂದಿಲ್ರಿ ಅವ್ವಾರ," ಎಂದರು ನಸೀಮಾ. "ಗುಳಿಗಿ ಬಿಡಬ್ಯಾಡ್ರಿ, ವ್ಯಾಯಾಮ ತಪ್ಪಸಬ್ಯಾಡ್ರಿ. ನೋಡೋಣು."

ಆ ದಿನ ಸುಲಿದ ಗವಸನ್ನು ನಸೀಮಾ ತೊಟ್ಟಿಗೆ ಹಾಕದೆ ಕಪಾಟಿನ ಮೇಲಿಟ್ಟರು. ನನಗೆ ಸಿಟ್ಟು ಬಂತು. ನನ್ನದೇ ತುಂಡಿಗೆ ಧೂಳು ತಿನ್ನಿಸುವುದೇ?

ನೀಲಗಂಗವ್ವ ಮಹಾ ಛಲಗಾತಿ. ಮನೆಯಲ್ಲಿ ಹಲಗೆಯ ಮೇಲೆ ಅಂಗೈ ಊರಿ ಒಂದೊಂದೇ ಬೆರಳು ಎತ್ತಿದರು, ಮೆತ್ತನೆಯ ಸ್ಪಂಜು ಹಿಸುಕಿದರು. ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಆಮೇಲೆ ಎಡವಿದರು. ಒಂದು ಬೆಳಿಗ್ಗೆ ಕೈ ಕೆಂಪಾಗಿ ಊದಿತು. ಅಂಥ ದಿನ ಶಾಖ ಕೂಡದು ಎಂದು ಡಾಕ್ಟರ್ ಹೇಳಿದ್ದರು. ಆದರೆ ಶಾಖದ ರುಚಿ ಹತ್ತಿದವರು ಕೇಳುತ್ತಾರೆಯೇ? ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಗಟ್ಟಿಯಾಗಿ ಒತ್ತಿಕೊಂಡರು. ಊತ ಇಮ್ಮಡಿಯಾಯಿತು.

ಊತ ಇಳಿದ ಮೇಲೆ ಬಂದವರ ಮುಖ ಬಾಡಿತ್ತು. ಕೈ ಅದ್ದಿದರು, ಗವಸು ಸುಲಿಸಿಕೊಂಡರು. "ಇನ್ನ ಬರೂದಿಲ್ರಿ ಅಕ್ಕಾರ. ಹೊಳ್ಯಾಗ ಹುಣಸಿಹಣ್ಣು ತೊಳದಂಗಾತು. ಮೊದಲ ಹೆಂಗಿತ್ತೋ ಹಂಗ ಐತಿ ಕೈ."

ನಸೀಮಾ ಕಪಾಟಿನ ಮೇಲಿನ ಗವಸನ್ನು ತಂದು ಹೊಸದರ ಪಕ್ಕದಲ್ಲಿಟ್ಟರು. ಹಳೆಯದು ಮುದುಡಿದ ಮುಷ್ಟಿ. ಹೊಸದರಲ್ಲಿ ಬೆರಳು ಸೊಟ್ಟಗಿದ್ದರೂ ಬಿಡಿಬಿಡಿಯಾಗಿದ್ದವು, ಅಂಗೈ ಅಗಲವಾಗಿತ್ತು.

"ಎರಡೂ ನಿಮ್ಮ ಕೈನ ರೀ ಅವ್ವಾರ."

ನೀಲಗಂಗವ್ವ ಎರಡನ್ನೂ ಮುಟ್ಟಿ ನೋಡಿದರು. "ಯವ್ವಾ, ಇಷ್ಟು ಮುದುಡಿತ್ತಾ?" ಎಂದು ಅತ್ತರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದರು, "ಮುಂದ ಎಂದ ಬರಲ್ರಿ?"

ಎರಡು ತಿಂಗಳಿಗೆ ಬಟ್ಟೆಯಲ್ಲಿ ಸುತ್ತಿದ ಒಂದು ರೊಟ್ಟಿ ಬಂತು. ಒಂದು ಕಡೆ ದಪ್ಪ, ಅಂಚೆಲ್ಲ ಸೀಳು. ನಸೀಮಾ ನಿಂತಲ್ಲೇ ಮುರಿದು ತಿಂದರು. ನೀಲಗಂಗವ್ವ ಮಾತ್ರ ಕಪಾಟಿಗೆ ಕೈ ಚಾಚಿ ಆ ಮುಷ್ಟಿಯನ್ನು ಹಿಡಿದರು, ತಾವೇ ತಂದು ತೊಟ್ಟಿಯೊಳಗೆ ಬಿಟ್ಟರು. ಅದು ಕರಗಿ ನನ್ನಲ್ಲಿ ಒಂದಾಗುವವರೆಗೂ ನೋಡುತ್ತ ನಿಂತರು. ನನ್ನ ಸಿಟ್ಟೂ ಅಲ್ಲೇ ಕರಗಿತು.

ಈಗ ನಾನು ಹಳದಿಗಟ್ಟಿದ ಮುದುಕ. ತೊಟ್ಟಿಯಲ್ಲಿ ಹೊಸ ಮೇಣವಿದೆ, ನಾನು ಮೂಲೆಯ ಡಬ್ಬಿಯಲ್ಲಿದ್ದೇನೆ. ಎಷ್ಟೋ ಕೈಗಳ ಅಚ್ಚಾಗಿದ್ದೆ, ಒಂದೂ ನನ್ನಲ್ಲಿ ಉಳಿದಿಲ್ಲ. ಅದಕ್ಕೆ ಬೇಸರವಿಲ್ಲ. ಇವತ್ತು ಹೊಸದಾಗಿ ಬಂದ ಹೆಂಗಸೊಬ್ಬಳು, "ಇದರಿಂದ ಏನಾಗ್ತೈತಿ ಬಿಡ್ರಿ," ಎಂದು ನಿಟ್ಟುಸಿರಿಟ್ಟಳು. ನಸೀಮಾ ಅವಳ ಗವಸನ್ನು ತೊಟ್ಟಿಯತ್ತ ಒಯ್ಯುವಷ್ಟರಲ್ಲಿ, ಬೆಂಚಿನ ಮೇಲಿದ್ದ ನೀಲಗಂಗವ್ವ ಸೊಟ್ಟ ಬೆರಳಿನ ಅಗಲ ಅಂಗೈ ಎತ್ತಿ ತಡೆದರು.

"ತಡೀರಿ ಅಕ್ಕಾರ, ಕರಗಸಬ್ಯಾಡ್ರಿ. ಮೊದಲನೇದು ಅದು, ತಗದಿಡ್ರಿ."