ಗಾಲಿಗೆ ಕಟ್ಟಿದ ಗೆಜ್ಜೆ

ಲಕ್ಷ್ಮೀದೇವಿ ಗಂಡನ ಬೈಕ್ ಹತ್ತುವುದನ್ನು ಬಿಟ್ಟು ಮೂರು ವಾರವಾಗಿತ್ತು. ಕೊಕ್ಕನೂರಿನಿಂದ ಹರಿಹರದ ತವರಿಗೆ ಭಾನುವಾರ ಇಬ್ಬರೂ ಬೈಕಿನಲ್ಲೇ ಹೋಗುತ್ತಿದ್ದರು. ಈಗ ಅವಳು ಬಸ್ಸಿನಲ್ಲಿ, ಅವನು ಬಸ್ಸಿನ ಹಿಂದೆ ಬೈಕಿನಲ್ಲಿ. ನೋಡಿದವರಿಗೆ ನಗು, ಅವಳಿಗೆ ಭಯ. ವೇಗ ಐವತ್ತು ದಾಟಿದರೆ ಹ್ಯಾಂಡಲ್ ಗಡಗಡ ನಡುಗುತ್ತಿತ್ತು.

"ಹೊಸ ಟೈರ್ ಹಾಕ್ಸಿದ ಮ್ಯಾಲೆ ಹಿಂಗಾಗೈತೆ. ಗಟ್ಟಿ ಹಿಡ್ಕಂಡ್ರೆ ಏನೂ ಆಗಲ್ಲ, ಬಾ," ಎಂದ ಗಂಡ ಮೈಲಾರಲಿಂಗಪ್ಪ.

"ಯಾರನ್ನ ಹಿಡ್ಕಳ್ಳಲಿ? ನಿಮ್ಮನ್ನೇ ಬೈಕು ಅಲ್ಲಾಡಿಸ್ತೈತೆ!"

ಪಕ್ಕದ ಮನೆಯ ಸೊಸೆ ಸುಮೈರಾ ನಗುತ್ತ ಬಂದಳು. ದಾವಣಗೆರೆಯ ಆನೆಕೊಂಡದಲ್ಲಿ ಅಪ್ಪನ ಗ್ಯಾರೇಜಿನಲ್ಲೇ ಬೆಳೆದವಳು ಅವಳು. ಮುಂದಿನ ಗಾಲಿಯ ಗಾಳಿ, ರಿಮ್, ಬೇರಿಂಗ್ ಮೂರನ್ನೂ ನೋಡಿದಳು. ಎಲ್ಲ ಸರಿಯಿತ್ತು.

"ಗಾಲಿ ಒಂದು ಕಡೆ ಭಾರ ಆಗಿರಬೇಕು ಅಣ್ಣಾ. ಬಿಚ್ಚಿ ನೋಡೋಣ."

"ಅದಕ್ಕೆ ಮಷೀನ್ ಬ್ಯಾಡೇನಮ್ಮ?"

"ಎರಡು ಸ್ಟೂಲ್ ಕೊಡ್ರಿ, ಸಾಕು."

ಬೈಕಿಗೆ ಭದ್ರವಾಗಿ ಆಸರೆ ಕೊಟ್ಟು ಗಾಲಿ ಬಿಚ್ಚಿದರು. ಒಂದೇ ಎತ್ತರದ ಎರಡು ಸ್ಟೂಲುಗಳ ಮೇಲೆ ಅದರ ನಡುವಿನ ಸರಳಾದ ಆಕ್ಸಲ್ಲಿನ ತುದಿಗಳನ್ನಿಟ್ಟು, ಗಾಲಿಯನ್ನು ಮೆಲ್ಲಗೆ ತಿರುಗಿಸಿ ಬಿಟ್ಟಳು ಸುಮೈರಾ. ಗಾಲಿ ನಿಂತಾಗ, ಅದಕ್ಕೆ ಕಟ್ಟಿದ್ದ ಎರಡು ಹಿತ್ತಾಳೆ ಗೆಜ್ಜೆ ಕೆಳಗೆ ಬಂದಿದ್ದವು. ಮತ್ತೆ ತಿರುಗಿಸಿದರೂ ಅವೇ ಕೆಳಗೆ. ಮೂರನೆಯ ಸಲವೂ ಅಷ್ಟೇ.

ಅವು ಮನೆಯ ಎತ್ತು ಬಸವನ ಕೊರಳಿನ ಗೆಜ್ಜೆ. ಅದು ಈ ವರ್ಷ ತೀರಿಕೊಂಡಿತ್ತು. ಹೊಸ ಟೈರ್ ಹಾಕಿಸಿದ ವಾರವೇ, ಆಯುಧಪೂಜೆಯ ದಿನ, ಮೈಲಾರಲಿಂಗಪ್ಪ ಅವನ್ನು ಬೈಕಿನ ಗಾಲಿಯ ಕಡ್ಡಿಗೆ ತಂತಿಯಿಂದ ಬಿಗಿದಿದ್ದ. ಸುಮೈರಾ ಆ ತಂತಿಗೆ ಕೈ ಹಾಕಿದಳು.

"ತೆಗೀಬ್ಯಾಡಮ್ಮ. ಹದಿನಾಲ್ಕು ವರ್ಷ ನನ್ನ ಮುಂದೆ ನಡೆದಾನೆ. ಅವ ನನ್ನ ಬೀಳಿಸ್ತಾನಾ?"

ಆ ಎತ್ತಿಗೆ ದಿನವೂ ಮುಸುರೆ ಇಟ್ಟವಳು ಲಕ್ಷ್ಮೀದೇವಿಯೇ. "ಅವ ಬೀಳಿಸಲ್ಲರಿ. ಆದ್ರ ಅವನಿದ್ದಾಗ ಕೊರಳಿಗೆ ಕಟ್ಟಿದ್ರಿ, ಕಾಲಿಗಲ್ಲ. ಈಗ್ಯಾಕ ಗಾಲಿಗೆ?"

ಮೈಲಾರಲಿಂಗಪ್ಪ ತಾನೇ ಇಕ್ಕಳ ತಂದ.

ಗೆಜ್ಜೆ ತೆಗೆದ ಮೇಲೂ ಗಾಲಿಯ ಒಂದೇ ಜಾಗ ಕೆಳಗೆ ಬರುತ್ತಿತ್ತು. ಟೈರಿನದೇ ಸ್ವಲ್ಪ ಭಾರವಿತ್ತು. ಸುಮೈರಾ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿದಳು. ಅದರ ನೇರ ಎದುರಿಗೆ ರಿಮ್ ಒರೆಸಿ, ತವರಿನ ಗ್ಯಾರೇಜಿನಿಂದ ತಂದಿದ್ದ ಐದು ಗ್ರಾಂ ತೂಕದ ಒಂದು ಬಿಲ್ಲೆ ಅಂಟಿಸಿದಳು. ತಿರುಗಿಸಿ ನೋಡಿ ಇನ್ನೊಂದನ್ನು ಅಂಟಿಸಿದಳು. ಈಗ ಗಾಲಿ ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು.

"ಹೊಸ ಟೈರ್‌ನ ಬೈದಿದ್ದೇ ಬೈದಿದ್ದು," ಎಂದು ಲಕ್ಷ್ಮೀದೇವಿ ಗಂಡನನ್ನು ತಿವಿದಳು.

"ಅದ್ರದ್ದೂ ಹತ್ತು ಗ್ರಾಂ ತಪ್ಪೈತೆ ನೋಡು!"

ಗಾಲಿ ಜೋಡಿಸಿ, ನಟ್ ಬಿಗಿದು, ಬ್ರೇಕ್ ಹಿಡಿಯುತ್ತದೆಯೇ ಎಂದು ಅಂಗಳದಲ್ಲೇ ನೋಡಿದರು. ಮೈಲಾರಲಿಂಗಪ್ಪ ಮೊದಲು ಒಬ್ಬನೇ ಊರಾಚೆ ಹೋಗಿಬಂದ. ಆಮೇಲೆ ಇಬ್ಬರೂ ಹೆಲ್ಮೆಟ್ ಹಾಕಿ ಹರಿಹರಕ್ಕೆ ಹೊರಟರು. ಗೆಜ್ಜೆ ಲಕ್ಷ್ಮೀದೇವಿಯ ಕೈಯಲ್ಲಿತ್ತು. ವೇಗ ಐವತ್ತು ದಾಟಿದರೆ ಅವಳು ಅದನ್ನು ಗಂಡನ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ಹ್ಯಾಂಡಲ್ ನಡುಗಲಿಲ್ಲ, ಬೈಕ್ ಮಾತ್ರ ನಿಧಾನವಾಯಿತು.

ನಿಮ್ಮ ಬೈಕಿನ ಹ್ಯಾಂಡಲ್ ನಡುಗುತ್ತಿದೆಯೇ? ಗಟ್ಟಿ ಹಿಡಿದು ಓಡಿಸಬೇಡಿ. ಗಾಲಿಯ ಕಡ್ಡಿಗೆ ಏನನ್ನೂ ಕಟ್ಟಬೇಡಿ. ಗಾಳಿ ನೋಡಿ, ಗಾಲಿ ಒಂದು ಕಡೆ ಭಾರವಾಗಿದೆಯೇ ನೋಡಿ. ರಿಮ್ ಬಾಗಿದ್ದರೆ, ಬೇರಿಂಗ್ ಅಲುಗಾಡಿದರೆ, ಬಿಚ್ಚಿ ಜೋಡಿಸಲು ಬರದಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ. ನಿಮ್ಮ ಹಿಂದೆ ಕೂತವರು ನಿಮ್ಮನ್ನು ನಂಬಿ ಕೂತಿರುತ್ತಾರೆ.